ತಮ್ಮನ ಕಾಲಂ

ಕಚೇರಿಯ ಟೈಪ್‌ರೈಟರುಗಳೆಲ್ಲ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ಅವಳು ಎಲ್ಲರ ಬಾಯಲ್ಲೂ ಟೈಪಿಸ್ಟ್ ಅಕ್ಕನೇ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾದ ಜವಾನನೂ ಹಾಗೇ ಕರೆಯುತ್ತಿದ್ದ. ಮೊದಲು ಮೇಲಿನ ಮಹಡಿಯಲ್ಲಿ ಲೈಸೆನ್ಸ್ ವಿಭಾಗದಲ್ಲಿದ್ದಳು. ಗಾಳಿ ಬೆಳಕಿನ ಜಾಗ, ಪಕ್ಕದಲ್ಲಿ ಹರಟೆಗೆ ಗೆಳತಿಯರು. ಅದನ್ನೆಲ್ಲ ಬಿಟ್ಟು, ಕೆಳಗಿನ ನೆಲಮಾಳಿಗೆಯಲ್ಲಿದ್ದ ಕಾಣೆಯಾದವರ ವಿಭಾಗಕ್ಕೆ ತಾನಾಗಿಯೇ ವರ್ಗ ಕೇಳಿಕೊಂಡಾಗ ಮೇಲಧಿಕಾರಿ ಅರ್ಜಿಯನ್ನು ಎರಡೆರಡು ಸಲ ಓದಿದ್ದರು.

"ಅದು ಯಾರೂ ಕೇಳಿ ಹೋಗೋ ಜಾಗ ಅಲ್ಲಮ್ಮ. ಬೆಳಗಾದ್ರೆ ಅಳೋರ ಮುಖ ನೋಡ್ಬೇಕು."

"ಪರವಾಗಿಲ್ಲ ಸಾರ್. ನಮ್ಮನೇಲೂ ಅದೇ ಮುಖಗಳೇ," ಅಂದಿದ್ದಳು.

ಅವಳ ತಮ್ಮ ಕಳೆದುಹೋಗಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

ತಮ್ಮ ಅಂದರೆ ಮನೆಯಲ್ಲಿ ಎಲ್ಲರಿಗೂ ಗುಂಡ. ಅಪ್ಪ ಅಮ್ಮನಿಗೆ ತಡವಾಗಿ ಹುಟ್ಟಿದವನು. ಮೈ ಬೆಳೆಯಿತು, ಗಡ್ಡ ಮೀಸೆ ಬಂತು, ಬುದ್ಧಿ ಮಾತ್ರ ಅಂಗನವಾಡಿಯ ಹೊಸ್ತಿಲಲ್ಲೇ ಕೂತುಬಿಟ್ಟಿತು. ಮಾತು ಕಡಿಮೆ. ಅದರಲ್ಲೂ 'ಗ' ಅಕ್ಷರ ನಾಲಿಗೆಗೆ ಬರುತ್ತಲೇ ಇರಲಿಲ್ಲ. ಯಾರಾದರೂ ಹೆಸರು ಕೇಳಿದರೆ ಎದೆಯ ಮೇಲೆ ಅಂಗೈ ಬಡಿದುಕೊಂಡು, "ಉಂಡ" ಅನ್ನುತ್ತಿದ್ದ. ಬಂದ ನೆಂಟರು, "ಅಯ್ಯೋ, ನಮ್ಮನ್ನ ಬಿಟ್ಟು ಆಗ್ಲೇ ಉಂಡ್ಯೇನೋ?" ಎಂದು ನಗುತ್ತಿದ್ದರು. ಅವರು ನಕ್ಕರೆ ಅವನಿಗೂ ಖುಷಿ. ಇನ್ನೊಂದು ಸಲ ಬಡಿದುಕೊಂಡು ಇನ್ನಷ್ಟು ಜೋರಾಗಿ, "ಉಂಡ!" ಶಾಲೆಯ ದಾಖಲೆಯಲ್ಲಿದ್ದ ಹೆಸರು ಬೇರೆ, ತಾತನದು, ಮಾರುದ್ದದ್ದು. ಅದನ್ನು ಕೂಗಿದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಬಾಯಲ್ಲಿ ಸ್ಪಷ್ಟವಾಗಿ ಬರುತ್ತಿದ್ದ ಮಾತೆಂದರೆ 'ಅಕ್ಕ' ಒಂದೇ. ನೀರು ಬೇಕಾದರೂ ಅಕ್ಕ, ನಾಯಿ ಬಂದರೂ ಅಕ್ಕ, ಕರೆಂಟು ಹೋದರೂ ಅಕ್ಕ.

ಅಪ್ಪ ತೀರಿಕೊಂಡ ಮೇಲೆ ಅವಳ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಅವಳನ್ನು ನೋಡಲು ಬಂದ ಗಂಡುಗಳು ಒಳಕೋಣೆಯಲ್ಲಿ ಕೂತ ತಮ್ಮನನ್ನು ನೋಡಿ ಹಾಗೇ ಹಿಂದಕ್ಕೆ ಹೋದರು. ಅವಳು ಅದಕ್ಕೆ ಕೊರಗಿದ್ದನ್ನು ಯಾರೂ ಕಂಡಿಲ್ಲ. "ನನಗೆ ಹುಟ್ಟಿದ ಮಗು ಇಪ್ಪತ್ತು ವರ್ಷ ಆದ್ರೂ ತೊಡೆ ಬಿಟ್ಟು ಇಳಿದಿಲ್ಲ, ಇನ್ನೊಂದು ಯಾಕೆ?" ಎಂದು ತಮಾಷೆ ಮಾಡುತ್ತಿದ್ದಳು.

ಅವನ ಕಣ್ಣು ಕೆಂಪಾಗಿತ್ತೆಂದು ಅಮ್ಮ ಅವನನ್ನು ಪಕ್ಕದ ಊರಿನ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿ, ತೊಡೆಯ ಮೇಲೆ ಚೀಲವಿಟ್ಟು, "ಇದನ್ನ ಹಿಡ್ಕೊಂಡಿರು, ಬಸ್ ಯಾವಾಗ ಅಂತ ಕೇಳ್ಕೊಂಡು ಬರ್ತೀನಿ" ಎಂದು ಹೋದಳು. ಬಂದು ನೋಡಿದರೆ ಚೀಲ ಇತ್ತು, ಅವನಿರಲಿಲ್ಲ. ಮುಂದೆ ಎಷ್ಟೋ ವರ್ಷ ಅಮ್ಮ ಯಾರ ಜೊತೆ ಏನು ಮಾತಾಡುತ್ತಿದ್ದರೂ ನಡುವೆ ಥಟ್ಟನೆ, "ಅವನ ಕೈ ಹಿಡ್ಕೊಂಡೇ ಹೋಗಬಹುದಿತ್ತು" ಅನ್ನುತ್ತಿದ್ದಳು. ಕೇಳಿದವರು ತಲೆಬುಡ ತಿಳಿಯದೆ ಅವಳ ಮುಖ ನೋಡುತ್ತಿದ್ದರು.

ಪೊಲೀಸರಾಯಿತು, ಪತ್ರಿಕೆಯಲ್ಲಿ ಫೋಟೊ ಆಯಿತು. ಟೈಪಿಸ್ಟ್ ಅಕ್ಕ ರಜೆ ಹಾಕಿ ಸುತ್ತಲಿನ ಊರುಗಳ ಆಸ್ಪತ್ರೆ, ಆಶ್ರಯಧಾಮಗಳನ್ನೆಲ್ಲ ಅಲೆದಳು. ಹೋಗಲಾಗದ ಕಡೆಗೆ ಫೋನು ಮಾಡಿದಳು. ಎಲ್ಲೂ ಇಲ್ಲ. ಆಮೇಲೆಯೇ ಅವಳು ಕಾಣೆಯಾದವರ ವಿಭಾಗಕ್ಕೆ ಬಂದದ್ದು.

ಅಲ್ಲಿನ ಕೆಲಸ ಎಲ್ಲ ಕಂಪ್ಯೂಟರಿನಲ್ಲಿ. ಕಳೆದುಕೊಂಡವರು ಬಂದು ಹೇಳಿದ್ದನ್ನು ಇವರು ಇಲ್ಲಿ ತುಂಬಬೇಕು. ಸಿಕ್ಕವರ ವಿವರಗಳನ್ನು ಆಸ್ಪತ್ರೆ, ಆಶ್ರಯಧಾಮಗಳವರು ತಮ್ಮ ತಮ್ಮ ಜಾಗದಿಂದಲೇ ತುಂಬುತ್ತಿದ್ದರು. ಎರಡೂ ಕಡೆಯದನ್ನು ಯಂತ್ರ ತಾಳೆ ಹಾಕಬೇಕು: ಮೊದಲು ಹೆಸರು, ಆಮೇಲೆ ವಯಸ್ಸು, ಆಮೇಲೆ ಮಿಕ್ಕದ್ದು. ಹೆಸರೇ ಕೂಡದಿದ್ದರೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ, ಸಿಕ್ಕವರ ವಿವರ, ಫೋಟೊ ಯಾವುದನ್ನೂ ಇವರಿಗೆ ತೋರಿಸುತ್ತಲೂ ಇರಲಿಲ್ಲ.

ಆ ವ್ಯವಸ್ಥೆಯನ್ನು ಕಟ್ಟಿಕೊಟ್ಟ ಕಂಪನಿ ತನ್ನ ಕೆಲಸ ಮುಗಿಸಿ ಹೋಗಿತ್ತು. ಕೆಟ್ಟದ್ದನ್ನು ಸರಿಮಾಡಿ, ಬೇಕಾದ್ದನ್ನು ಸೇರಿಸಿ ಅದನ್ನು ನಡೆಸಿಕೊಂಡು ಹೋಗಲು ಕೇಂದ್ರ ಕಚೇರಿಯಲ್ಲಿ ಒಬ್ಬ ಇಂಜಿನಿಯರ್, ಅವನ ಕೈಕೆಳಗೆ ಇಬ್ಬರು. ಸಣಕಲು ಮೈಯ, ಮೆಲುದನಿಯ ಮನುಷ್ಯ ಅವನು. ಒಂದು ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ಬಂದು, ಟೈಪಿಸ್ಟ್ ಅಕ್ಕನ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ನೀವು ಕೆಲಸ ಮಾಡ್ತಾ ಇರಿ, ನಾನು ಸುಮ್ಮನೆ ನೋಡ್ತೀನಿ. ಕಟ್ಟಿದವರು ಹೋದ್ರು, ಒಳಗೆ ಇರೋರು ನೀವು. ಎಲ್ಲಿ ಸೋರುತ್ತೆ ಅಂತ ನೀವು ಹೇಳದೇ ಇದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

ಹೀಗೆ ಬಳಕೆದಾರರ ಸಭೆ ಶುರುವಾಯಿತು. ಬೇರೆ ಬೇರೆ ಊರಿನ ಕಚೇರಿಗಳಿಂದ ಒಬ್ಬೊಬ್ಬರು ಬರುವುದು, ತಮಗೆ ಬೇಕಾದ ಬದಲಾವಣೆ ಹೇಳುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ಎಲ್ಲರೂ ಕೂಡಿ ತೀರ್ಮಾನ ಮಾಡುವುದು. ಈ ಕಚೇರಿಯಿಂದ ಟೈಪಿಸ್ಟ್ ಅಕ್ಕ ಹೋದಳು.

ಮೊದಲ ಸಭೆಯಲ್ಲಿ ಅವಳು ಎದ್ದು ನಿಂತಳು. "ಒಂದು ಕಾಲಂ ಬೇಕು ಸಾರ್. ಬುದ್ಧಿ ಕಡಿಮೆ ಇರೋರು, ಚಿಕ್ಕ ಮಕ್ಕಳು, ಮರೆವಿನ ಕಾಯಿಲೆಯವರು ದಾಖಲೆಯ ಹೆಸರು ಹೇಳೋದಿಲ್ಲ. ತಮ್ಮನ್ನ ತಾವು ಏನಂತ ಕರ್ಕೊಳ್ತಾರೋ ಅದನ್ನ ಕಿವಿಗೆ ಕೇಳಿದ ಹಾಗೇ ಬರೆಯೋಕೆ ಒಂದು ಜಾಗ. ಎರಡೂ ಕಡೆಯಿಂದ. ಅದನ್ನೂ ತಾಳೆ ಹಾಕ್ಬೇಕು."

ಇಂಜಿನಿಯರ್ ಬರೆದುಕೊಂಡ. "ಒಳ್ಳೇದೇ. ಆದ್ರೆ ಇದು ಬರೀ ಒಂದು ಕಾಲಂ ಸೇರಿಸೋ ಕೆಲಸ ಅಲ್ಲ, ತಾಳೆ ಹಾಕೋ ಭಾಗವನ್ನೇ ಬಿಚ್ಚಿ ಜೋಡಿಸ್ಬೇಕು. ಇದನ್ನ ಹಿಡಿದ್ರೆ ಈ ವರ್ಷ ಬೇರೆ ಯಾವುದಕ್ಕೂ ನಮಗೆ ಬಿಡುವು ಇರೋದಿಲ್ಲ. ನೀವೆಲ್ಲ ಯೋಚನೆ ಮಾಡಿ ಹೇಳಿ."

ಆಗ ಇನ್ನೊಂದು ಕಚೇರಿಯ ಹೆಂಗಸು ತನ್ನ ಕಷ್ಟ ಹೇಳಿಕೊಂಡಳು. ದೂರಿನ ಪ್ರತಿ ಪ್ರಿಂಟ್ ಆಗುತ್ತಿರಲಿಲ್ಲ. ಜನ ಅದಕ್ಕಾಗಿ ಮತ್ತೆ ಮತ್ತೆ ಬಂದು ಬರಿಗೈಯಲ್ಲಿ ಹೋಗುತ್ತಿದ್ದರು. ಮಗಳನ್ನು ಕಳೆದುಕೊಂಡ ಒಬ್ಬ ಮುದುಕ ಊರುಗೋಲು ಊರಿಕೊಂಡು ಬಂದು, ಆಗಿಲ್ಲವೆಂದಾಗ ಕಟ್ಟೆಯ ಮೇಲೆ ಕೂತು ಅತ್ತನಂತೆ. ಕೈ ಎತ್ತುವ ಹೊತ್ತು ಬಂದಾಗ ಟೈಪಿಸ್ಟ್ ಅಕ್ಕ ಪ್ರಿಂಟಿಗೆ ಕೈ ಎತ್ತಿದಳು.

ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, "ಒಳ್ಳೇದು ಮಾಡಿದೆ ಬಿಡು. ಪಾಪ, ಮುದುಕ," ಅಂದಳು.

ಮುಂದಿನ ಸಭೆಯಲ್ಲೂ ಅವಳು ಕಾಲಂ ಕೇಳಿದಳು. ಆ ಸಲ ಫೋಟೊಗಳು ತೆರೆಯದ ತೊಂದರೆ ಮುಂದೆ ಬಂತು. ಅದರ ಮುಂದಿನದರಲ್ಲೂ ಕೇಳಿದಳು. ಬೇರೆ ಊರಿನ ಹಿರಿಯ ಗುಮಾಸ್ತರೊಬ್ಬರು, ಸಭೆಗೆ ಜೀವ ಬರುತ್ತಿದ್ದದ್ದೇ ಅವರ ನಗೆಚಟಾಕಿಯಿಂದ, ಕನ್ನಡಕ ಮೇಲೇರಿಸಿ, "ಬಂತಪ್ಪ ತಮ್ಮನ ಕಾಲಂ!" ಅಂದರು. ಕೋಣೆಯೆಲ್ಲ ನಕ್ಕಿತು. ಅದರಲ್ಲಿ ಕುಹಕ ಇರಲಿಲ್ಲ. ಅವಳ ತಮ್ಮನ ವಿಷಯ ಎಲ್ಲರಿಗೂ ಗೊತ್ತು, ಎಲ್ಲರಿಗೂ ಅವಳ ಮೇಲೆ ಅಕ್ಕರೆ. ಅವಳೂ ನಕ್ಕಳು. ಆದರೆ ಕಿವಿ ಬಿಸಿಯಾಯಿತು. ಅಂದಿನಿಂದ ಆ ಬೇಡಿಕೆಗೆ ಅದೇ ಹೆಸರು ನಿಂತಿತು.

ಊಟದ ಬಿಡುವಿನಲ್ಲಿ ಅವಳು ಇಂಜಿನಿಯರನ ಬಳಿ ಹೋಗಿ, "ಅದನ್ನ ತೆಗೆದುಬಿಡಿ ಸಾರ್," ಅಂದಳು.

"ಯಾಕಕ್ಕ? ನಿಜವಾಗ್ಲೂ ಬೇಡ್ವಾ?"

"ಅದು ನಮ್ಮನೆ ಸಂಕಟ. ಎಲ್ಲರ ಕೆಲಸದ ನಡುವೆ ನಾನು ಅದನ್ನ ತೂರಿಸಬಾರದು."

ಅವನು ಪಟ್ಟಿಯಲ್ಲಿ ಅದರ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದ. ಮನೆಯಲ್ಲಿ ಅವಳು ಅಮ್ಮನಿಗೆ ಇದನ್ನು ಹೇಳಲಿಲ್ಲ.

ಕಾಲ ಸರಿಯಿತು. ಅಮ್ಮನ ಮಂಡಿ ಹಿಡಿದುಕೊಂಡಿತು, ಅವಳ ತಲೆ ಬೆಳ್ಳಗಾಯಿತು. ಇಂಜಿನಿಯರ್ ಮಾತ್ರ ತನ್ನ ಸ್ಟೂಲಿನ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ವರ್ಷ ಅವನು ಆಶ್ರಯಧಾಮಗಳಿಗೂ ಹೋಗಿ, ಅಲ್ಲಿನವರು ಹೇಗೆ ವಿವರ ತುಂಬುತ್ತಾರೆ ಎಂದು ಕೂತು ನೋಡಿಬಂದ. ಬಂದವನೇ, "ನಾವು ಇಷ್ಟು ದಿನ ಅರ್ಧ ಜನರನ್ನೇ ಕೇಳ್ತಿದ್ವಿ. ಆ ಕಡೆಯಿಂದ ತುಂಬೋರನ್ನೂ ಸಭೆಗೆ ಕರೀಬೇಕು," ಎಂದು ಹಟ ಹಿಡಿದ. ಗೆರೆ ಎಳೆದಿದ್ದ ಕಾಲಮನ್ನು ಅವಳನ್ನು ಕೇಳದೆಯೇ ಮತ್ತೆ ಚರ್ಚೆಗೆ ಸೇರಿಸಿದ.

ಆ ಸಭೆಗೆ ಧಾಮಗಳಿಂದ ಬಂದವರಲ್ಲಿ ಒಬ್ಬಳು ವಾರ್ಡನ್. ಅರ್ಧ ದಿನದ ದಾರಿಯ ಊರಿನವಳು. ಗಟ್ಟಿ ಮೈಕಟ್ಟು, ಗಟ್ಟಿ ದನಿ. ಒಳಗೆ ಬರುತ್ತಲೇ ಫ್ಯಾನು ಯಾಕೆ ತಿರುಗುತ್ತಿಲ್ಲ ಎಂದು ಜಗಳ ತೆಗೆದು ಎಲ್ಲರನ್ನೂ ನಗಿಸಿಬಿಟ್ಟಿದ್ದಳು. ಇಂಜಿನಿಯರ್ ಕಾಲಮಿನ ವಿಷಯ ಎತ್ತಿದಾಗ ಅವಳೇ ಮೊದಲು ಬಾಯಿ ಹಾಕಿದಳು.

"ಬೇಕೇ ಬೇಕು ಸಾರ್! ಹೆಸರಿನ ಜಾಗ ಖಾಲಿ ಬಿಟ್ರೆ ನಿಮ್ಮ ಕಂಪ್ಯೂಟರು ಮುಂದಕ್ಕೆ ಬಿಡಲ್ಲ. ಹೇಳೋಕೆ ಬರದವರಿಗೆ ನಾವೇ ಏನೋ ಒಂದು ಇಟ್ಟು ತುಂಬ್ತೀವಿ. ನಮ್ಮಲ್ಲೊಬ್ಬ ಇದ್ದ. ಪೊಲೀಸರು ತಂದು ಬಿಟ್ಟಾಗ ಎಲುಬಿನ ಗೂಡು, ಮುಖದ ತುಂಬ ಗಡ್ಡ. ಹೆಸರೇನಪ್ಪ ಅಂದ್ರೆ ಎದೆ ಬಡ್ಕೊಂಡು, ಉಂಡ ಅನ್ನೋನು. ಉಂಡಾಯ್ತು ಅಂತಾನಲ್ಲ, ಇವನಿಗೆ ಯಾವ ಮನೇಲಿ ಬಡಿಸಿದ್ರು ಅಂತ ನಮಗೆಲ್ಲ ನಗು. ಊಟದ ವಿಷಯ ಬಿಟ್ಟು ಹೆಸರು ಹೇಳೋ ಅಂದ್ರೆ ಮತ್ತೆ, ಉಂಡ! ಕೊನೆಗೆ ನಮ್ಮ ಅಡುಗೆಯವನು, ಇವನು ಜಗಳಕ್ಕೆ ಹೋಗದ ಆಸಾಮಿ, ಶಾಂತಪ್ಪ ಅಂತ ಬರ್ಕೊಳ್ಳಿ ಅಂದ. ಹಾಗೇ ತುಂಬಿದ್ವಿ."

ಕೋಣೆ ಗೊಳ್ಳೆಂದು ನಕ್ಕಿತು. ಆ ಹಿರಿಯ ಗುಮಾಸ್ತರು ಮೇಜು ತಟ್ಟಿ ನಕ್ಕರು. ಅವರಿಗೆ ಕಾಲಮಿನ ಕಥೆ ಗೊತ್ತೇ ಹೊರತು, ಆ ತಮ್ಮ ತನ್ನನ್ನು ಏನೆಂದು ಕರೆದುಕೊಳ್ಳುತ್ತಿದ್ದ ಎಂಬುದು ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅವಳು ಅದನ್ನು ಯಾವ ಸಭೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ.

ನಗು ಇಳಿಯುವಾಗ ಟೈಪಿಸ್ಟ್ ಅಕ್ಕ ಕೇಳಿದಳು, "ಇದ್ದ ಅಂದ್ರೆ?"

"ಏನಮ್ಮ?"

"ಒಬ್ಬ ಇದ್ದ ಅಂದ್ರಲ್ಲ. ಈಗ?"

ವಾರ್ಡನ್ ಇನ್ನೂ ನಗುಮುಖದಲ್ಲೇ ಇದ್ದಳು. "ಹೋದ ಚಳಿಗಾಲದಲ್ಲಿ ತೀರ್ಕೊಂಡ ಪಾಪ. ಜ್ವರ ಬಂತು, ಎದೆಗೆ ಇಳೀತು. ಒಳ್ಳೇ ಜೀವ. ನಮ್ಮನ್ನೆಲ್ಲ ಅಕ್ಕ ಅಕ್ಕ ಅಂತಿದ್ದ..."

ಎದುರಿಗಿದ್ದ ಹೆಂಗಸಿನ ಮುಖ ನೋಡಿದ ವಾರ್ಡನ್‌ಗೆ ಏನೋ ಹೊಳೆಯಿತು. ಟೈಪಿಸ್ಟ್ ಅಕ್ಕ ಎದ್ದು ನಿಂತಿದ್ದಳು. ಎಡಗೈ ಮೇಜನ್ನು ಹಿಡಿದಿತ್ತು.

"ಎಡ ಹುಬ್ಬಿನ ಮೇಲೆ ಗಾಯದ ಕಲೆ ಇತ್ತಾ?"

ವಾರ್ಡನ್ ಕುರ್ಚಿ ಬಿಟ್ಟೆದ್ದು ಮೇಜು ಸುತ್ತಿಕೊಂಡು ಬಂದು ಅವಳನ್ನು ತಬ್ಬಿಕೊಂಡಳು. ಅಷ್ಟು ಗಟ್ಟಿ ದನಿಯವಳು, "ನನಗೆ ಗೊತ್ತಿರಲಿಲ್ಲ ಕಣಮ್ಮ, ದೇವರಾಣೆ ಗೊತ್ತಿರಲಿಲ್ಲ," ಎಂದು ಪಿಸುಗುಡುತ್ತಿದ್ದಳು. ಹಿರಿಯ ಗುಮಾಸ್ತರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಇಂಜಿನಿಯರ್ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟಿದ್ದ.

ಅವಳು ಅಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು. "ಯಾವಾಗ ಬಂದ ನಿಮ್ಮಲ್ಲಿಗೆ?"

ವಾರ್ಡನ್ ಹೇಳಿದಳು. ಆ ಮೊದಲ ಸಭೆಯ ಹೊತ್ತಿಗೆ ಅವನು ಅಲ್ಲಿಗೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಅವಳು ಅಲ್ಲಿಗೆ ಫೋನು ಮಾಡಿದ್ದಾಗ ಅವನು ಇನ್ನೂ ಎಲ್ಲೋ ಬೀದಿಯಲ್ಲಿದ್ದ. ಅವಳು ಪ್ರಿಂಟಿಗೆ ಕೈ ಎತ್ತಿದಾಗ, ಫೋಟೊಗೆ ಕೈ ಎತ್ತಿದಾಗ, ನಮ್ಮನೆ ಸಂಕಟ ಎಂದು ಗೆರೆ ಎಳೆಸಿದಾಗ, ಅವನು ಅಲ್ಲಿ ಎದೆ ಬಡಿದುಕೊಂಡು ತನ್ನ ಹೆಸರು ಹೇಳುತ್ತಲೇ ಇದ್ದ.

ಅಮ್ಮನಿಗೆ ಮಾರನೆಯ ದಿನ ಮಧ್ಯಾಹ್ನ ಹೇಳಿದಳು. ಅಮ್ಮ ಮಂಚದ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕೇಳಿದ ಮೇಲೂ ತಿಕ್ಕುವುದು ನಿಲ್ಲಲಿಲ್ಲ. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಆಮೇಲೆ ಕೇಳಿದಳು:

"ಅಲ್ಲಿ ಯಾರಾದ್ರೂ ಅವನಿಗೆ ಹೊಡೀತಿದ್ರಾ?"

"ಇಲ್ಲಮ್ಮ. ಒಳ್ಳೇ ಜನ."

"ಚಳಿಗೆ ಹೊದಿಯೋಕೆ?"

"ಕೊಟ್ಟಿರ್ತಾರಮ್ಮ."

"ಕೇಳಿದ್ಯಾ?"

ಅವಳು ಕೇಳಿರಲಿಲ್ಲ. ಆಗ ಅವಳಿಗೆ ಅಳು ಬಂತು. ಅಮ್ಮನ ಎಣ್ಣೆಗೈಯಲ್ಲಿ ಮುಖ ಹುದುಗಿಸಿ, "ನಾನು ಹಟ ಹಿಡೀಬೇಕಿತ್ತಮ್ಮ. ನಾಚಿಕೆ ಬಿಟ್ಟು ಕೇಳ್ಬೇಕಿತ್ತು. ನಾಲ್ಕು ಜನ ನಕ್ಕಿದ್ದಕ್ಕೆ ನನ್ನ ತಮ್ಮನನ್ನ ಬಿಟ್ಟುಕೊಟ್ಟೆ," ಎಂದು ಬಿಕ್ಕಿದಳು. ಕಾಲಮಿಗೆ ತಾನೇ ಗೆರೆ ಎಳೆಸಿದ್ದನ್ನೂ ಆಗಲೇ ಹೇಳಿದ್ದು. ಅಷ್ಟು ವರ್ಷ ತನ್ನನ್ನೇ ತಾನು ಶಪಿಸಿಕೊಂಡಿದ್ದ ಅಮ್ಮ ಅವಳ ತಲೆಯನ್ನು ಹಿಡಿದುಕೊಂಡು ಕೂತಳು, ಅಷ್ಟೇ.

ಇಬ್ಬರೂ ಆ ಊರಿಗೆ ಹೋದರು. ಧಾಮ ಒಂದು ಉದ್ದನೆಯ ಹೆಂಚಿನ ಕಟ್ಟಡ, ಮುಂದೆ ಬಟ್ಟೆ ಒಣಗಿಸುವ ತಂತಿಗಳು. ತಮ್ಮನ ಮಂಚದ ಮೇಲೆ ಈಗ ಯಾರೋ ಮುದುಕ ಮಲಗಿದ್ದ. ಗುಂಡನ ಅಂಗಿಗಳನ್ನು ಬೇರೆಯವರು ಹಾಕಿಕೊಂಡಿದ್ದರು. ಅಂಗಳದಲ್ಲಿ ಹೋಗುತ್ತಿದ್ದ ಒಬ್ಬನ ನೀಲಿ ಅಂಗಿ ತೋರಿಸಿ ವಾರ್ಡನ್, "ಅದು ಅವನದೇ," ಅಂದಳು. ಅಮ್ಮ ಆ ಅಂಗಿ ಮರೆಯಾಗುವವರೆಗೆ ನೋಡುತ್ತ ನಿಂತಳು.

ಅಡುಗೆಯವನು ಅವರನ್ನು ಒಳಗೆ ಕರೆದು, ಮಣೆ ಹಾಕಿ ಕೂರಿಸಿದ. ಬೋಳುತಲೆಯ, ಬೆವರಿನ ಮನುಷ್ಯ. ಅವರ ಮುಖ ನೋಡಲಾರದೆ ಪಾತ್ರೆಗಳ ಕಡೆ ನೋಡುತ್ತ ಹೇಳಿದ.

"ದಿನಾ ಎರಡು ಹೊತ್ತೂ ಬಂದು ಬಾಗಿಲಲ್ಲಿ ನಿಂತು ಉಂಡ ಉಂಡ ಅನ್ನೋನಮ್ಮ. ಮೊದಮೊದಲು ನಾನೂ ನಗ್ತಿದ್ದೆ. ಆಮೇಲೆ ಹಸಿವಿಗೆ ಹೀಗಂತಾನೆ ಅಂದ್ಕೊಂಡೆ. ಅಂದಾಗಲೆಲ್ಲ ಒಂದು ಸೌಟು ಹಾಕಿಬಿಡ್ತಿದ್ದೆ. ತಿಂದು ಮತ್ತೆ ಅದೇ ಮಾತು. ಒಳ್ಳೇ ದುಂಡಗಾಗಿದ್ದ. ಅವನು ಊಟ ಕೇಳ್ತಿದ್ದದ್ದಲ್ಲ ಅಂತ ಈಗ ವಾರ್ಡನಮ್ಮ ಹೇಳಿದ ಮೇಲೆ ನನಗೆ ಒಲೆ ಮುಂದೆ ನಿಲ್ಲೋಕೆ ಆಗ್ತಿಲ್ಲ."

ಅಮ್ಮ ಕೈ ಚಾಚಿ ಅವನ ತೋಳು ಮುಟ್ಟಿದಳು. "ಹಸಿವಿಲ್ಲದ ಹಾಗೆ ನೋಡ್ಕೊಂಡ್ಯಲ್ಲಪ್ಪ. ಸಾಕು," ಅಂದಳು. ಟೈಪಿಸ್ಟ್ ಅಕ್ಕ ಎದ್ದು ಹೊರಗೆ ಹೋದಳು.

ಅವನನ್ನು ಮಣ್ಣು ಮಾಡಿದ್ದು ಊರಾಚೆ, ಧಾಮದವರಿಗೆಂದು ಬಿಟ್ಟ ಜಾಗದಲ್ಲಿ. ಅಲ್ಲಿ ಗುರುತೇನೂ ಇರಲಿಲ್ಲ. ಹುಲ್ಲು ಬೆಳೆದು ಎಲ್ಲ ಒಂದೇ ಆಗಿತ್ತು. ಅಡುಗೆಯವನು ಈ ಕಡೆ ಅಂದ, ವಾರ್ಡನ್ ಸ್ವಲ್ಪ ಆ ಕಡೆ ಅಂದಳು. ಅಮ್ಮ ಎರಡಕ್ಕೂ ಕೈ ಮುಗಿದಳು.

ಕಾಲಂ ಮಾಡುವುದೆಂದಾಯಿತು. ಈ ಸಲ ಕೈ ಎತ್ತುವ ಮಾತೇ ಬರಲಿಲ್ಲ. ಅದಕ್ಕೆ ಏನೇನು ಬೇಕು, ತಪ್ಪಾಗಿ ಕೇಳಿಸಿದ ಮಾತನ್ನು ಹೇಗೆ ಹೊಂದಿಸಬೇಕು ಎಂದು ತಿಳಿದವರು ಕೂತು ಹೇಳಬೇಕಿತ್ತು. ಇಂಜಿನಿಯರ್ ಫೋನು ಮಾಡಿ ಹಿಂಜರಿಯುತ್ತ ಕೇಳಿದ: "ಬೇರೆ ಯಾರನ್ನಾದ್ರೂ ಕೇಳ್ಲಾ ಅಕ್ಕ?"

"ಬೇಡ, ನಾನೇ ಬರ್ತೀನಿ."

ಹೋದಳು. ವಾರಗಟ್ಟಲೆ ಅವನ ಪಕ್ಕ ಕೂತು, ಮಕ್ಕಳ ತೊದಲು, ಹಲ್ಲಿಲ್ಲದವರ ಉಚ್ಚಾರ ಎಲ್ಲ ಹೇಳಿಕೊಟ್ಟಳು. ವಾರ್ಡನ್ ಕೂಡ ಬಂದು ಕೂತಳು. ಪರೀಕ್ಷೆಗೆ ಒಂದು ಸುಳ್ಳು ಹೆಸರು ಬೇಕಾದಾಗ ಮೂವರೂ ಮುಖ ಮುಖ ನೋಡಿಕೊಂಡು, ಇಂಜಿನಿಯರನ ಮಗಳು ತನ್ನನ್ನು ಕರೆದುಕೊಳ್ಳುವ 'ಪುತ್ತಿ'ಯನ್ನು ಹಾಕಿದರು.

ಕಾಲಂ ಶುರುವಾದ ಮೇಲೆ ಮೊದಲು ಸಿಕ್ಕಿದ್ದು ಮರೆವಿನ ಕಾಯಿಲೆಯ ಒಬ್ಬ ಅಜ್ಜಿ. ತವರಿನಲ್ಲಿ ಕರೆಯುತ್ತಿದ್ದ ಹೆಸರನ್ನಷ್ಟೇ ಹೇಳುತ್ತಿದ್ದಳಂತೆ. ಮಕ್ಕಳು ಮೊಮ್ಮಕ್ಕಳು ನೆಲಮಾಳಿಗೆಗೆ ಬಂದು ಟೈಪಿಸ್ಟ್ ಅಕ್ಕನ ಕೈ ಹಿಡಿದು ಕಣ್ಣೀರು ಹಾಕಿದರು. ವಿಭಾಗದವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ನಕ್ಕಳು, ಅವರಿಗೆ ಚಹಾ ತರಿಸಿದಳು. ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಸಂತೋಷದ ಬದಲು ಎದೆಯಲ್ಲಿ ಹೊಟ್ಟೆಕಿಚ್ಚು ಉರಿಯುತ್ತಿತ್ತು. ಪರಿಚಯವೇ ಇಲ್ಲದ ಆ ಮುದುಕಿಯ ಮೇಲೆ! ಇಂಥದ್ದು ತನ್ನೊಳಗೆ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಎರಡನೆಯವರು ಸಿಕ್ಕಾಗಲೂ ಹಾಗೇ ಆಯಿತು. ಮೂರನೆಯವರು ಸಿಗುವ ಮೊದಲೇ ವರ್ಗ ಕೇಳಿ ಅರ್ಜಿ ಕೊಟ್ಟಳು.

"ಈಗ ತಾನೇ ಎಲ್ಲ ಸರಿಹೋಗ್ತಿದೆ, ಈಗ ಹೋಗ್ತೀಯಲ್ಲಮ್ಮ," ಅಂದರು ಮೇಲಧಿಕಾರಿ.

"ಇಷ್ಟು ದಿನ ಬೇರೆಯವರಿಗೆ ಅಂತ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ಸಾರ್. ಅಲ್ಲ. ಅವನಿಗೇ ಮಾಡ್ತಿದ್ದೆ."

ಅವರು ಸಹಿ ಹಾಕಿದರು. ಈಗ ಅವಳು ನೀರಿನ ಸಂಪರ್ಕಗಳ ವಿಭಾಗದಲ್ಲಿದ್ದಾಳೆ. ಅಲ್ಲಿಯೂ ಕಂಪ್ಯೂಟರು, ಅಲ್ಲಿಯೂ ಬಳಕೆದಾರರ ಸಭೆ. ಅವಳು ಹೋಗುವುದಿಲ್ಲ.

ಅಮ್ಮ ಮಾತ್ರ ಎಲ್ಲರನ್ನೂ ಬೆರಗುಗೊಳಿಸಿದಳು. ಮಂಡಿ ನೋವನ್ನು ಕಟ್ಟಿಕೊಂಡು ತಿಂಗಳಿಗೊಮ್ಮೆ ಆ ಧಾಮಕ್ಕೆ ಹೋಗುತ್ತಾಳೆ. ಅಡುಗೆಯವನ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಾಳೆ, ಸಾಲಾಗಿ ಕೂತವರಿಗೆ ಬಡಿಸುತ್ತಾಳೆ. ಮಗಳು ಜೊತೆಗೆ ಹೋಗುವುದಿಲ್ಲ. ಬಾ ಎಂದು ಅಮ್ಮ ಒತ್ತಾಯಿಸುವುದೂ ಇಲ್ಲ. ವಾಪಸು ಬಂದ ಸಂಜೆ ಅಮ್ಮ ಕಾಲು ಚಾಚಿ ಕೂತು ಅಲ್ಲಿನ ಸುದ್ದಿ ಹೇಳುತ್ತಾಳೆ: ಯಾರಿಗೆ ಕೆಮ್ಮು, ಯಾರು ಯಾರ ಚಾದರ ಕದ್ದರು, ಯಾರನ್ನು ಮನೆಯವರು ಬಂದು ಕರೆದುಕೊಂಡು ಹೋದರು. ಮಗಳು ಬಿಸಿನೀರಿನ ಬಟ್ಟೆ ಹಿಂಡಿ ಅವಳ ಮಂಡಿಗೆ ಒತ್ತುತ್ತಾಳೆ.

"ಕೇಳಿಸ್ಕೊಳ್ತಿದ್ದೀಯೇನೇ?" ಅನ್ನುತ್ತಾಳೆ ಅಮ್ಮ.

"ಹೂಂ," ಅನ್ನುತ್ತಾಳೆ. ಬಟ್ಟೆ ತಣ್ಣಗಾದರೆ ಎದ್ದು ಮತ್ತೆ ನೀರು ಕಾಯಿಸಲು ಹೋಗುತ್ತಾಳೆ.